ಓದಿನ ಹೊಸ್ತಿಲು: ಅಧ್ಯಯನಪೂರ್ವ ಉಕ್ತಿಗಳನ್ನು ಕುರಿತು

ತಾಳೆಗರಿಯ ಕಟ್ಟೊಂದನ್ನು ಬಿಚ್ಚಿದ ಕನ್ನಡ ಸಂಶೋಧಕನ ಕಣ್ಣು ಮೊದಲು ಅರಸುವುದು ಕೃತಿಯ ಮೊದಲ ಪದ್ಯವನ್ನು. ಅದಕ್ಕೂ ಮುನ್ನ ಗರಿಯ ಅಂಚಿನಲ್ಲೋ ಮೊದಲ ಸಾಲಿನ ತುದಿಯಲ್ಲೋ ‘ಶ್ರೀ ವೀತರಾಗಾಯ ನಮಃ’, ‘ನಿರ್ವಿಘ್ನಮಸ್ತು’, ‘ಹರಿಃ ಓಂ’, ‘ಶ್ರೀ ಗುರುಭ್ಯೋ ನಮಃ’ ಎಂಬಂತಹ ಕೆಲವು ಅಕ್ಷರಗಳು ಇರುತ್ತವೆ. ಕಣ್ಣು ಅವುಗಳ ಮೇಲೆ ಜಾರಿ ಮುಂದೆ ಹೋಗುತ್ತದೆ. ಮುದ್ರಿತ ಆವೃತ್ತಿಗೆ ಬರುವ ಹೊತ್ತಿಗೆ ಅವು ಬಹುಮಟ್ಟಿಗೆ ಮಾಯವಾಗಿರುತ್ತವೆ. ಲಿಪಿಕಾರನ ಅಭ್ಯಾಸಬಲದ ಬರಹ, ಕವಿಯದಲ್ಲ, ಆದ್ದರಿಂದ ಪಠ್ಯಕ್ಕೆ ಸೇರಿದ್ದಲ್ಲ ಎಂಬುದು ಇದಕ್ಕೆ ಕೊಡುವ ಸಮಾಧಾನ. ಕವಿಯ ಮೂಲಪಾಠವನ್ನು ಮರಳಿ ಪಡೆಯುವುದೇ ಗ್ರಂಥಸಂಪಾದನೆಯ ಪರಮೋದ್ದೇಶವೆಂದು ನಂಬಿದ ಶಾಸ್ತ್ರಕ್ಕೆ ಈ ಸಮಾಧಾನ ಸಹಜವಾದುದೇ ಸರಿ. ಆದರೆ ಹಸ್ತಪ್ರತಿಯೆಂಬುದು ಕವಿ ಬರೆದ ಪಠ್ಯವನ್ನು ಹೊತ್ತ ವಾಹನ ಮಾತ್ರವಲ್ಲ. ಯಾರೋ ಒಬ್ಬರು ಒಂದು ನಿರ್ದಿಷ್ಟ ಕ್ರಮದಲ್ಲಿ ಕುಳಿತು, ಒಂದು ಮಾತನ್ನು ಹೇಳಿ, ಆಮೇಲೆ ಓದಿದ ವಸ್ತು. ಆ ‘ಒಂದು ಮಾತು’ ಏನಾಗಿತ್ತು, ಏಕಾಗಿತ್ತು, ಯಾರು ಅದನ್ನು ಹೇಳಬಹುದಾಗಿತ್ತು ಎಂಬ ಪ್ರಶ್ನೆಗಳನ್ನು ಕನ್ನಡ ಸಂಶೋಧನೆ ಇದುವರೆಗೆ ಗಂಭೀರವಾಗಿ ಕೇಳಿಕೊಂಡಿಲ್ಲ. ಕೇಳಿಕೊಳ್ಳಬೇಕಾದ ಕಾಲ ಬಂದಿದೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಈ ಪ್ರಶ್ನೆಯನ್ನು ಎತ್ತಲು ಉಡುಪಿ, ಕಾಪು, ಕಾರ್ಕಳಗಳ ಪರಿಸರದಷ್ಟು ಅನುಕೂಲವಾದ ನೆಲ ಕರ್ನಾಟಕದಲ್ಲಿ ವಿರಳ. ಉಡುಪಿಯ ಅಷ್ಟಮಠಗಳಲ್ಲಿ ಮಾಧ್ವ ಗ್ರಂಥಗಳ ಪಾಠಪ್ರವಚನ ಶತಮಾನಗಳಿಂದ ನಡೆದುಬಂದಿದೆ. ಆ ಮಠಗಳಲ್ಲಿ ಪಲಿಮಾರು ಹಾಗೂ ಅದಮಾರು ಮಠಗಳ ಮೂಲನೆಲೆಗಳು ಇಂದಿನ ಕಾಪು ತಾಲೂಕಿನಲ್ಲಿಯೇ ಇವೆ. 1432ರ ಗೊಮ್ಮಟ ಮತ್ತು 1586ರ ಚತುರ್ಮುಖ ಬಸದಿಗಳ ಕಾರ್ಕಳದಲ್ಲಿ ಜೈನಮಠವೂ ಅದರ ಗ್ರಂಥಭಂಡಾರವೂ ಇವೆ. ಅಲ್ಲಿಂದ ಮೂಡುಬಿದಿರೆಯ ಸಿದ್ಧಾಂತ ಬಸದಿಗೆ ಹೆಚ್ಚು ದೂರವಿಲ್ಲ. ಕಾಪು ಕಡಲತೀರದ ಮದರಸಗಳಲ್ಲಿ ಮಕ್ಕಳು ದೇವರ ಆಶ್ರಯವನ್ನು ಬೇಡಿ, ಅವನ ಹೆಸರನ್ನೆತ್ತಿ, ಆಮೇಲೆಯೇ ಕುರ್‌ಆನ್ ಪಾಠಕ್ಕೆ ತೊಡಗುತ್ತಾರೆ. ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟು ಬಗೆಯ ಓದುಗಳು, ಅವಕ್ಕೆ ಇಷ್ಟು ಬಗೆಯ ಹೊಸ್ತಿಲುಗಳು.

ಹೊಸ್ತಿಲನ್ನು ದಾಟುವ ಮಾತನ್ನು ಪೂರ್ಣಪ್ರಮಾಣದ ಕಾನೂನಾಗಿ ಬೆಳೆಸಿದ ಪರಂಪರೆಯೆಂದರೆ ಯೆಹೂದಿಗಳದು. ತೋರಾ ಅಧ್ಯಯನಕ್ಕೆ ಮುನ್ನ ಪ್ರತಿದಿನ ಬೆಳಗ್ಗೆ ಹೇಳಬೇಕಾದ ಸ್ತುತಿವಾಕ್ಯಗಳಿಗೆ ‘ಬಿರ್ಖೋತ್ ಹಾ-ತೋರಾ’ ಎಂದು ಹೆಸರು. ತಾಲ್ಮೂದಿನ ‘ಬೆರಾಖೋತ್’ ಭಾಗದಲ್ಲಿ ಇದರ ಚರ್ಚೆಯಿದೆ. ಯಾವ ವಾಕ್ಯವನ್ನು ಹೇಳಬೇಕು ಎಂಬ ಬಗ್ಗೆ ಆಚಾರ್ಯರಲ್ಲಿ ಏಕಾಭಿಪ್ರಾಯವಿಲ್ಲ. ಶ್ಮುಯೇಲ್ ಎಂಬಾತ ಹೇಳಿದ ವಾಕ್ಯ ತೋರಾದ ಮಾತುಗಳಲ್ಲಿ ತೊಡಗಿರುವಂತೆ ಆಜ್ಞಾಪಿಸಿದ ದೇವರನ್ನು ಸ್ತುತಿಸುತ್ತದೆ. ಯೋಹಾನಾನ್ ಹೇಳಿದ ವಾಕ್ಯ ಆ ಮಾತುಗಳು ತಮ್ಮ ಬಾಯಿಗೂ ಮಕ್ಕಳ ಬಾಯಿಗೂ ಸವಿಯಾಗಲೆಂದು ಬೇಡುತ್ತದೆ. ಹಮ್ನೂನಾ ಹೇಳಿದ್ದು ತೋರಾವನ್ನು ಕೊಟ್ಟವನಿಗೆ ಸಲ್ಲುವ ಸ್ತುತಿ. ಇವುಗಳಲ್ಲಿ ಒಂದನ್ನು ಆಯ್ದು ಉಳಿದವನ್ನು ಕೈಬಿಡಬಹುದಾಗಿತ್ತು. ತಾಲ್ಮೂದು ಹಾಗೆ ಮಾಡದೆ ಎಲ್ಲವನ್ನೂ ಹೇಳಿರೆಂದು ತೀರ್ಮಾನಿಸಿತು. ಪಾಠಾಂತರಗಳಲ್ಲಿ ಒಂದನ್ನು ಮೇಲಕ್ಕೇರಿಸಿ ಮಿಕ್ಕವನ್ನು ಅಡಿಟಿಪ್ಪಣಿಗೆ ದೂಡುವ ಅಭ್ಯಾಸವುಳ್ಳ ಸಂಪಾದಕರಿಗೆ ಈ ತೀರ್ಮಾನ ವಿಚಿತ್ರವೆನಿಸಬಹುದು.

ಅದೇ ಪ್ರಕರಣದಲ್ಲಿ ಇನ್ನೊಂದು ವಾದವಿದೆ. ಅದು ನೇರವಾಗಿ ಸಾಹಿತ್ಯಶಾಸ್ತ್ರಕ್ಕೆ ಸೇರಿದ್ದು. ಯಾವುದನ್ನು ಓದುವಾಗ ಸ್ತುತಿ ಅಗತ್ಯ? ಮೂಲ ಧರ್ಮಗ್ರಂಥಕ್ಕೆ ಮಾತ್ರವೆಂದು ಒಬ್ಬರು. ಅದರ ವ್ಯಾಖ್ಯಾನಕ್ಕೂ ಎಂದು ಇನ್ನೊಬ್ಬರು. ಬಾಯಿಪಾಠವಾಗಿ ಬಂದ ವಿಧಿಸಂಗ್ರಹವಾದ ಮಿಶ್ನಾಕ್ಕೂ ಎಂದು ಮತ್ತೊಬ್ಬರು. ಕಡೆಗೆ, ಆ ವಿಧಿಗಳ ಮೇಲಿನ ವಾದವಿವಾದಕ್ಕೂ ಸ್ತುತಿ ಬೇಕೆಂದು ರಾವಾ ಎಂಬಾತ. ಕೊನೆಗೆ ನಿಂತದ್ದು ಈ ವಿಶಾಲವಾದ ಅಭಿಪ್ರಾಯವೇ. ಅಂದರೆ ಟೀಕೆ, ತರ್ಕ, ಭಿನ್ನಾಭಿಪ್ರಾಯ ಇವೆಲ್ಲವೂ ಮೂಲದಷ್ಟೇ ಗೌರವಕ್ಕೆ ಅರ್ಹವಾದ ಓದು ಎಂದಾಯಿತು. ವಿಮರ್ಶೆಯನ್ನು ಮೂಲದ ನೆರಳೆಂದು ಭಾವಿಸುವ ರೂಢಿ ಕನ್ನಡದಲ್ಲಿ ಇನ್ನೂ ಉಳಿದಿರುವಾಗ ಇದು ಗಮನಾರ್ಹ.

ಹದಿನಾರನೆಯ ಶತಮಾನದಲ್ಲಿ ಯೋಸೆಫ್ ಕಾರೋ ರಚಿಸಿದ ‘ಶುಲ್ಖಾನ್ ಆರೂಖ್’ ಎಂಬ ಧರ್ಮಸಂಹಿತೆ 1565ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾಯಿತು. ಅದರ ಮೊದಲ ಭಾಗದ 47ನೆಯ ಪ್ರಕರಣ ಈ ಸ್ತುತಿಗಳ ವಿಧಿಗಳಿಗೇ ಮೀಸಲು. ತೋರಾದ ಮಾತನ್ನು ಬರೆಯುವವನು ಬಾಯಿಂದ ಉಚ್ಚರಿಸದಿದ್ದರೂ ಸ್ತುತಿ ಹೇಳಬೇಕು. ಮನಸ್ಸಿನಲ್ಲಿ ಚಿಂತಿಸುವವನಿಗೆ ಮಾತ್ರ ಆ ಕಟ್ಟಳೆಯಿಲ್ಲ. ಬೆಳಗ್ಗೆ ಹೇಳಿದ ಸ್ತುತಿ ಇಡೀ ದಿನಕ್ಕೆ ಸಾಕು. ನಡುವೆ ಉಂಡು, ವ್ಯಾಪಾರ ಮಾಡಿ ಬಂದರೂ ಮತ್ತೆ ಹೇಳಬೇಕಾಗಿಲ್ಲ. ಏಕೆ? ಮಧ್ಯಯುಗದ ವ್ಯಾಖ್ಯಾನಕಾರರು ಕೊಟ್ಟ ಉತ್ತರ ಸೊಗಸಾಗಿದೆ: ಓದುಗ ಬೇರೆ ಕೆಲಸದಲ್ಲಿದ್ದರೂ ಓದನ್ನು ಮನಸ್ಸಿನಿಂದ ಕೆಳಗಿಟ್ಟಿರುವುದಿಲ್ಲ. ಹಗಲು ನಿದ್ದೆ ಈ ಎಳೆಯನ್ನು ಕಡಿಯುತ್ತದೆಯೋ ಇಲ್ಲವೋ ಎಂಬುದರ ಮೇಲೆಯೂ ವಾದಗಳು ನಡೆದಿವೆ. ಸ್ತುತಿ ಹೇಳಿದೊಡನೆ ಒಂದಿಷ್ಟಾದರೂ ಓದಬೇಕು. ಅದಕ್ಕಾಗಿ ಪುರೋಹಿತರ ಆಶೀರ್ವಾದದ ಮೂರು ವಾಕ್ಯಗಳು, ಮಿಶ್ನಾದ ಒಂದು ತುಣುಕು, ತಾಲ್ಮೂದಿನ ಒಂದು ತುಣುಕು ಹೀಗೆ ಮೂರೂ ಪದರಗಳಿಂದ ಒಂದೊಂದು ಹಿಡಿಯನ್ನು ಅಲ್ಲಿಯೇ ಪಠಿಸುವ ರೂಢಿ ಬೆಳೆಯಿತು. ಅದೇ ಪ್ರಕರಣದ ಕೊನೆಯಲ್ಲಿ ಸ್ತ್ರೀಯರೂ ಈ ಸ್ತುತಿಯನ್ನು ಹೇಳತಕ್ಕದ್ದೆಂದು ವಿಧಿಸಲಾಗಿದೆ. ಅಧ್ಯಯನದ ಕಡ್ಡಾಯದಿಂದ ಸ್ತ್ರೀಯರನ್ನು ಹೊರಗಿರಿಸಿದ್ದ ಪರಂಪರೆಯಲ್ಲಿ ಈ ವಿಧಿ ಹೇಗೆ ಬಂತೆಂದು ವ್ಯಾಖ್ಯಾನಕಾರರು ಬಹಳವಾಗಿ ತಲೆ ಕೆಡಿಸಿಕೊಂಡಿದ್ದಾರೆ. ತಮಗೆ ಅನ್ವಯಿಸುವ ವಿಧಿಗಳನ್ನಾದರೂ ಅವರು ಕಲಿಯಲೇಬೇಕಲ್ಲ ಎಂಬುದು ಒಂದು ಸಮರ್ಥನೆ. ಆ ಸಂದಿಯಿಂದ ಬಾಗಿಲು ಸ್ವಲ್ಪ ತೆರೆಯಿತು.

ಈ ಪರಂಪರೆ ಕರಾವಳಿಗೆ ತೀರಾ ಅಪರಿಚಿತವಲ್ಲ. ಟ್ಯುನಿಸಿಯಾ ಮೂಲದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿನಿಂದ 1149ರವರೆಗೆ ಬಹುಪಾಲು ಮಂಗಳೂರು ಪರಿಸರದಲ್ಲಿ ನೆಲೆಸಿದ್ದನು. ಮಧ್ವಾಚಾರ್ಯರು ಹುಟ್ಟುವುದಕ್ಕೆ ಸುಮಾರು ನೂರು ವರ್ಷ ಮುಂಚಿನ ಮಾತಿದು. ಆತ ವ್ಯಾಪಾರಿ ಮಾತ್ರವಲ್ಲ. ಪದ್ಯ ಕಟ್ಟಬಲ್ಲವನು, ಸುಂದರವಾಗಿ ಬರೆಯಬಲ್ಲ ಲಿಪಿಕಾರ, ಧರ್ಮಶಾಸ್ತ್ರ ಬಲ್ಲವನು. ಏಡನ್ ಬಂದರಿನ ಗೆಳೆಯರು ಅವನಿಗೆ ಬರೆಯುವ ಕಾಗದವನ್ನು ಉಡುಗೊರೆಯಾಗಿ ಕಳುಹಿಸುತ್ತಿದ್ದರೆಂದು ಪತ್ರಗಳಿಂದ ತಿಳಿಯುತ್ತದೆ. ಅವನ ಸೇವಕ ಬೊಮ್ಮನ ಹೆಸರಿನ ಬೆನ್ನುಹತ್ತಿ ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಈ ಪತ್ರಗಳು ಉಳಿದುಬಂದ ಬಗೆಯೂ ಇಲ್ಲಿ ಪ್ರಸ್ತುತ. ದೇವರ ಹೆಸರಿರಬಹುದಾದ ಬರಹವನ್ನು ನಾಶಮಾಡಬಾರದೆಂಬ ನಂಬಿಕೆಯಿಂದ ಹಳೆಯ ಕೈರೋದ ಬೆನ್ ಎಜ್ರಾ ಮಂದಿರದ ಕೋಣೆಯಲ್ಲಿ ಕಾಗದಗಳನ್ನು ಕೂಡಿಡಲಾಗುತ್ತಿತ್ತು. ವ್ಯಾಪಾರದ ಲೆಕ್ಕಪತ್ರಗಳೂ ಅದರೊಂದಿಗೆ ಉಳಿದವು. ಕಾಗದದ ಮೇಲ್ತುದಿಯಲ್ಲಿ ದೇವರನ್ನು ನೆನೆಯುವ ಅಭ್ಯಾಸವನ್ನು ಲಿಪಿಕಾರರ ಯಾಂತ್ರಿಕ ರೂಢಿಯೆಂದು ಬದಿಗಿರಿಸುವವರು, ತುಳುನಾಡಿನ ಹನ್ನೆರಡನೆಯ ಶತಮಾನದ ಒಂದು ತುಂಡು ಚರಿತ್ರೆ ಅಂತಹುದೇ ಭಾವನೆಯಿಂದ ಉಳಿಯಿತೆಂಬುದನ್ನು ಮರೆಯಬಾರದು.

ಇನ್ನು ಉಡುಪಿಯ ಕಡೆಗೆ. ತೈತ್ತಿರೀಯ ಆರಣ್ಯಕದ ಎರಡನೆಯ ಪ್ರಪಾಠಕ ಬ್ರಹ್ಮಯಜ್ಞದ ವಿಧಿಯನ್ನು ಹೇಳುತ್ತದೆ. ಅಧ್ಯಯನ ಮಾಡುವವನು ಊರಿನ ಸೂರುಗಳು ಕಾಣದಷ್ಟು ದೂರ, ಪೂರ್ವಕ್ಕೋ ಉತ್ತರಕ್ಕೋ ಹೋಗಬೇಕು. ಸೂರ್ಯೋದಯವಾದ ಮೇಲೆ ಕೈ ತೊಳೆದು, ಮೂರು ಸಲ ಆಚಮನ ಮಾಡಿ, ದರ್ಭೆಯ ಮೇಲೆ ಪೂರ್ವಾಭಿಮುಖವಾಗಿ ಕುಳಿತುಕೊಳ್ಳಬೇಕು. ಓಂಕಾರ, ಮೂರು ವ್ಯಾಹೃತಿಗಳು, ಆಮೇಲೆ ಸಾವಿತ್ರಿ. ಅದನ್ನು ಮೊದಲು ಪಾದ ಪಾದವಾಗಿ, ಬಳಿಕ ಅರ್ಧವಾಗಿ, ಕೊನೆಗೆ ಇಡಿಯಾಗಿ ಹೇಳಬೇಕು. ಆನಂತರ ಸ್ವಾಧ್ಯಾಯ. ಒಂದೇ ಒಂದು ಋಕ್ಕನ್ನೋ ಯಜುಸ್ಸನ್ನೋ ಸಾಮವನ್ನೋ ಪಠಿಸಿದರೂ ಯಜ್ಞ ಪೂರ್ಣವಾಯಿತು. ಋಗ್ವೇದಿಗಳಿಗೆ ಆಶ್ವಲಾಯನ ಗೃಹ್ಯಸೂತ್ರ ಹೆಚ್ಚುಕಡಿಮೆ ಇದೇ ವಿಧಿಯನ್ನು ಹೇಳುತ್ತದೆ.

ಎರಡು ಪರಂಪರೆಗಳ ವಿಧಿಕಾರರು ಒಬ್ಬರನ್ನೊಬ್ಬರು ಬಲ್ಲವರಲ್ಲ. ಆದರೂ ಅವರು ಎಡವಿದ ಕಲ್ಲುಗಳು ಒಂದೇ. ಮನಸ್ಸಿನ ಓದು ಓದೇ? ಕಾರೋ ಅದಕ್ಕೆ ಸ್ತುತಿ ಬೇಡವೆಂದನು. ಆರಣ್ಯಕವಾದರೋ ಊರೊಳಗಿದ್ದೇ ಹಗಲಾಗಲಿ ಇರುಳಾಗಲಿ ಮನಸ್ಸಿನಿಂದ ಸ್ವಾಧ್ಯಾಯ ಮಾಡಬಹುದೆಂಬ ಶೌಚ ಆಹ್ನೇಯನ ಅಭಿಪ್ರಾಯವನ್ನು ಆದರದಿಂದ ದಾಖಲಿಸುತ್ತದೆ. ನಿಂತು, ನಡೆಯುತ್ತ, ಕುಳಿತು, ಮಲಗಿಯೂ ಓದಬಹುದೆನ್ನುತ್ತದೆ. ಊರಾಚೆಯ ಏಕಾಂತವನ್ನು ಅಷ್ಟು ಬಿಗಿಯಾಗಿ ವಿಧಿಸಿದ ಗ್ರಂಥವೇ ಕೆಲವು ವಾಕ್ಯಗಳ ತರುವಾಯ ಆ ಬಿಗಿಯನ್ನೆಲ್ಲ ಸಡಿಲಿಸುತ್ತದೆ. ಈ ಯಜ್ಞಕ್ಕೆ ಅನಧ್ಯಾಯಗಳು ಎರಡೇ: ತಾನು ಅಶುಚಿಯಾಗಿದ್ದಾಗ, ಸ್ಥಳ ಅಶುಚಿಯಾಗಿದ್ದಾಗ. ಗುರುಮುಖದ ಪಾಠಕ್ಕೆ ಅಷ್ಟಮಿ, ಪ್ರತಿಪತ್ತು, ಗುಡುಗು, ಗ್ರಹಣಗಳೆಂದು ಹತ್ತಾರು ಅನಧ್ಯಾಯಗಳಿರುವಾಗ ನಿತ್ಯದ ಓದಿಗೆ ಇಷ್ಟೇ ಅಡ್ಡಿ. ಓದು ನಿಲ್ಲಬಾರದೆಂಬ ಕಾಳಜಿ ಎರಡೂ ಕಡೆ ಒಂದೇ ತೆರನಾದುದು.

ಆದರೆ ಸಾಮ್ಯವನ್ನು ಹಿಗ್ಗಿಸಬಾರದು. ಯೆಹೂದಿಯ ಸ್ತುತಿ, ಕೊಟ್ಟವನೊಬ್ಬನಿದ್ದಾನೆ ಎಂಬ ಅರಿವಿನಿಂದ ಹುಟ್ಟಿದ್ದು. ಓದು ಬೇರೆ, ಓದಿಗೆ ಮುಂಚಿನ ಕೃತಜ್ಞತೆ ಬೇರೆ. ಬ್ರಹ್ಮಯಜ್ಞದಲ್ಲಿ ಓದೇ ಯಜ್ಞ, ಓದೇ ಆಹುತಿ. ಅದರಿಂದ ಋಷಿಋಣ ತೀರುತ್ತದೆ. ಅಲ್ಲಿ ಮಾತು ಬಾಗಿಲಾದರೆ ಇಲ್ಲಿ ಮನೆಯ ಒಂದು ಭಾಗ. ಎರಡಕ್ಕೂ ಒದಗಿದ ಆಪತ್ತು ಮಾತ್ರ ಒಂದೇ. ‘ಒಂದು ಋಕ್ಕಾದರೂ ಸಾಕು’ ಎಂಬ ಔದಾರ್ಯ ಕಾಲಕ್ರಮದಲ್ಲಿ ‘ಅಷ್ಟೇ ಸಾಕು’ ಎಂಬ ಸೌಕರ್ಯವಾಯಿತು. ಇಂದು ಬ್ರಹ್ಮಯಜ್ಞವೆಂದು ನಡೆಯುವುದು ಬಹುತೇಕ ವೇದಗಳ ಆರಂಭವಾಕ್ಯಗಳ ಪಠನ. ಮಾದರಿಗೆಂದು ತೆಗೆದ ಹಿಡಿ ಅಕ್ಕಿಯೇ ಊಟವೆನಿಸಿದೆ.

ಮನುಸ್ಮೃತಿಯ ಎರಡನೆಯ ಅಧ್ಯಾಯ ಪಾಠದ ಆದ್ಯಂತಗಳಲ್ಲಿ ಪ್ರಣವವನ್ನು ವಿಧಿಸುತ್ತದೆ. ಮೊದಲಲ್ಲಿ ಇಲ್ಲದಿದ್ದರೆ ಕಲಿತದ್ದು ಸೋರಿಹೋಗುತ್ತದೆ, ಕೊನೆಯಲ್ಲಿ ಇಲ್ಲದಿದ್ದರೆ ಉದುರಿಹೋಗುತ್ತದೆ ಎಂಬುದು ಅದರ ಭಾವ. ಪಾತ್ರೆಗೆ ಬಾಯಿ ಬೇಕು, ಬುಡವೂ ಬೇಕು. ಗುರು ‘ಓದು’ ಎಂದ ಮೇಲೆಯೇ ಪಾಠ ಆರಂಭ. ‘ವಿರಾಮೋಽಸ್ತು’ ಎಂದ ಮೇಲೆಯೇ ಮುಕ್ತಾಯ. ಮಾಧ್ವ ಪಾಠದಲ್ಲಿ ಬ್ರಹ್ಮಸೂತ್ರಗಳನ್ನು ಓಂಕಾರಸಹಿತವಾಗಿ ಪಠಿಸುವ ಕ್ರಮಕ್ಕೆ ಇಂತಹ ಹಿನ್ನೆಲೆಯೊಂದಿದೆ. ಅಲ್ಲಿ ಓಂಕಾರ ಅಲಂಕಾರವಲ್ಲ, ಪಠ್ಯದ ಅಂಗ. ಹಾಗಿರುವಾಗ ಅದನ್ನು ‘ಲಿಪಿಕಾರನದು’ ಎಂದು ಕಿತ್ತುಹಾಕಿದ ಸಂಪಾದಕ ಪರಂಪರೆಯ ದೃಷ್ಟಿಯಲ್ಲಿ ಪಠ್ಯವನ್ನೇ ಮುರಿದಂತಾಯಿತು. ಜಯತೀರ್ಥರ ‘ನ್ಯಾಯಸುಧಾ’ದ ಪಾಠ ಮುಗಿದಾಗ ಉಡುಪಿಯ ಮಠಗಳಲ್ಲಿ ನಡೆಯುವ ‘ಸುಧಾಮಂಗಳ’ ಒಂದು ದೊಡ್ಡ ವಿದ್ವತ್ಸಮಾರಂಭ. 2019ರಲ್ಲಿ ತೀರಿಕೊಂಡ ಪೇಜಾವರ ಮಠದ ವಿಶ್ವೇಶತೀರ್ಥರು ಇಂತಹ ಮಂಗಳಗಳನ್ನು ಹಲವು ಸಲ ನಡೆಸಿದವರು. ಯೆಹೂದಿಗಳಲ್ಲಿಯೂ ತಾಲ್ಮೂದಿನ ಒಂದು ಭಾಗವನ್ನು ಓದಿ ಮುಗಿಸಿದಾಗ ‘ಸಿಯೂಮ್’ ಎಂಬ ಮುಕ್ತಾಯದ ಕೂಟವಿದೆ. ಅಲ್ಲಿ ಓದುಗರು ಆ ಗ್ರಂಥವನ್ನೇ ಉದ್ದೇಶಿಸಿ, ನಿನ್ನ ಬಳಿಗೆ ಮರಳಿ ಬರುತ್ತೇವೆಂದು ಮಾತು ಕೊಡುತ್ತಾರೆ. ಸುಧಾಮಂಗಳದ ಮರುದಿನವೇ ಹೊಸ ವಿದ್ಯಾರ್ಥಿಗಳಿಗೆ ಮೊದಲ ಪಾಠ ಹೇಳಲು ಗುರುವೊಬ್ಬರು ಸಿದ್ಧರಾದರೆ ಆ ಮಾತಿನ ಅರ್ಥ ಉಡುಪಿಯವರಿಗೆ ಬೇರೆ ವಿವರಿಸಬೇಕಾಗಿಲ್ಲ.

ಕಾರ್ಕಳ, ಮೂಡುಬಿದಿರೆಗಳ ಜೈನ ಪರಂಪರೆಗೆ ಬಂದರೆ ಚರ್ಚೆ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಕೊಡುವ ದೇವರಿಲ್ಲದ ದರ್ಶನದಲ್ಲಿ ಓದಿನ ಮುಂಚೆ ಕೃತಜ್ಞತೆಯನ್ನು ಯಾರಿಗೆ ಹೇಳುವುದು? ದಿಗಂಬರರ ಶಾಸ್ತ್ರಸಭೆಯ ಆರಂಭದಲ್ಲಿ ಹೇಳುವ ಮಂಗಳಾಚರಣೆ ಇದಕ್ಕೆ ನಿಚ್ಚಳವಾದ ಉತ್ತರ ಕೊಡುತ್ತದೆ. ಅದರಲ್ಲಿ ಗ್ರಂಥದ ಹೆಸರನ್ನು ಹೇಳಿ, ಇದರ ಮೂಲಕರ್ತೃ ಸರ್ವಜ್ಞದೇವ, ಅನಂತರದ ಕರ್ತೃಗಳು ಗಣಧರರು, ಅವರ ಮಾತನ್ನನುಸರಿಸಿ ಬರೆದವರು ಇಂತಹ ಆಚಾರ್ಯರು ಎಂದು ಸಾರಿ, ಕೇಳುವವರು ಎಚ್ಚರದಿಂದ ಕೇಳಬೇಕೆಂದು ವಿನಂತಿಸಲಾಗುತ್ತದೆ. ಬೇಡಿಕೆಯಿಲ್ಲ, ವರವಿಲ್ಲ, ಜ್ಞಾನ ಯಾರ ಯಾರ ಕೈ ದಾಟಿ ಬಂತೆಂಬ ಲೆಕ್ಕವಿದೆ. ಇದನ್ನು ಆಕರಸೂಚಿಯ ಪ್ರಾಚೀನ ರೂಪವೆಂದರೆ ತಪ್ಪಾಗಲಾರದು.

ವಟ್ಟಕೇರನ ‘ಮೂಲಾಚಾರ’ ಸ್ವಾಧ್ಯಾಯದ ಸಂದರ್ಭದಲ್ಲಿ ಇಪ್ಪತ್ತೇಳು ಉಸಿರುಗಳ ಕಾಯೋತ್ಸರ್ಗವನ್ನು ವಿಧಿಸುತ್ತದೆ. ಒಂಬತ್ತು ಸಲ ಪಂಚನಮಸ್ಕಾರವನ್ನು ನೆನೆಯುವಷ್ಟು ಹೊತ್ತು ದೇಹದ ಮೇಲಿನ ಮಮತೆಯನ್ನು ಬಿಟ್ಟು ಸುಮ್ಮನೆ ನಿಲ್ಲುವುದು, ಆಮೇಲೆ ಗ್ರಂಥವನ್ನು ಮುಟ್ಟುವುದು. ಅದೇ ಗ್ರಂಥ ಜ್ಞಾನಾಚಾರವನ್ನು ಎಂಟು ಬಗೆಯೆಂದು ವಿಂಗಡಿಸುತ್ತದೆ: ಕಾಲ, ವಿನಯ, ಉಪಧಾನ, ಬಹುಮಾನ, ಅನಿಹ್ನವ, ವ್ಯಂಜನ, ಅರ್ಥ, ತದುಭಯ. ಕೊನೆಯ ಮೂರನ್ನು ಗಮನಿಸಬೇಕು. ಅಕ್ಷರ ಶುದ್ಧವಾಗಿರಬೇಕು, ಅರ್ಥ ಶುದ್ಧವಾಗಿರಬೇಕು, ಎರಡೂ ಒಟ್ಟಿಗೆ ಶುದ್ಧವಾಗಿರಬೇಕು. ಗ್ರಂಥಸಂಪಾದನ ಶಾಸ್ತ್ರ ಇದಕ್ಕಿಂತ ಹೆಚ್ಚಿನದೇನನ್ನು ಕೇಳುತ್ತದೆ? ‘ಅನಿಹ್ನವ’ವಂತೂ ಸಂಶೋಧನ ಕ್ಷೇತ್ರಕ್ಕೆ ತೀರಾ ಬೇಕಾದದ್ದು. ತಾನು ಯಾರಿಂದ ಕಲಿತನೋ ಆ ಗುರುವಿನ ಹೆಸರನ್ನೂ, ಯಾವ ಶಾಸ್ತ್ರದಿಂದ ತಿಳಿದನೋ ಆ ಶಾಸ್ತ್ರದ ಹೆಸರನ್ನೂ ಮುಚ್ಚಿಡದಿರುವುದು ಎಂದು ಅದರ ಅರ್ಥ. ಅನ್ಯರ ಲೇಖನದ ಪುಟಗಳು ಹೆಸರಿಲ್ಲದೆ ತಮ್ಮ ಮಹಾಪ್ರಬಂಧದೊಳಗೆ ನುಸುಳುವುದನ್ನು ಸಹಿಸಿಕೊಂಡ ಕ್ಷೇತ್ರಕ್ಕೆ ಈ ಪದವನ್ನು ಮರಳಿ ಬಳಕೆಗೆ ತರುವ ಅಗತ್ಯವಿದೆ.

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದ ‘ಧವಲಾ’ ಟೀಕೆಯಲ್ಲಿ ವೀರಸೇನಾಚಾರ್ಯರು ಗ್ರಂಥಾರಂಭದ ಮಂಗಳವನ್ನು ಕುರಿತು ಸುದೀರ್ಘವಾಗಿ ಚರ್ಚಿಸುತ್ತಾರೆ. ಮಂಗಳ ಎರಡು ಬಗೆ: ನಿಬದ್ಧ ಮತ್ತು ಅನಿಬದ್ಧ. ಸೂತ್ರಕಾರನು ತಾನೇ ರಚಿಸಿ ಗ್ರಂಥದೊಳಗೆ ಇಟ್ಟ ನಮಸ್ಕಾರ ನಿಬದ್ಧ. ಆತ ನಮಸ್ಕರಿಸಿದ್ದುಂಟು, ಆದರೆ ತನ್ನ ರಚನೆಯಾಗಿ ಕಟ್ಟಿಟ್ಟಿಲ್ಲವೆಂದಾದರೆ ಅದು ಅನಿಬದ್ಧ. ಕನ್ನಡ ಗ್ರಂಥಸಂಪಾದನೆಗೆ ಬೇಕಾಗಿದ್ದ ಪರಿಭಾಷೆ ಹೀಗೆ ಸಾವಿರ ವರ್ಷಗಳಿಗೂ ಹಿಂದೆಯೇ ಸಿದ್ಧವಾಗಿತ್ತು. ಪಂಪನ, ಜನ್ನನ, ರತ್ನಾಕರನ ನಾಂದಿಪದ್ಯಗಳು ನಿಬದ್ಧ. ಅವುಗಳ ಮೇಲೆ ಬೇಕಾದಷ್ಟು ಬರಹ ಬಂದಿದೆ. ಲಿಪಿಕಾರನ ‘ನಿರ್ವಿಘ್ನಮಸ್ತು’, ಓದುಗನು ಬಾಯಲ್ಲಿ ಹೇಳಿ ಗರಿಯಲ್ಲಿ ಬರೆಯದೆ ಬಿಟ್ಟ ನಮಸ್ಕಾರ ಇವನ್ನು, ವೀರಸೇನರ ಅರ್ಥವನ್ನು ತುಸು ಹಿಗ್ಗಿಸಿ, ಅನಿಬದ್ಧವೆಂದು ಕರೆಯಬಹುದು. ಹೆಸರಿಲ್ಲದ ವಸ್ತು ಸಂಶೋಧಕನ ಕಣ್ಣಿಗೆ ಬೀಳುವುದಿಲ್ಲ. ಹೆಸರು ಸಿಕ್ಕಮೇಲೆ ಕಾಣದಿರುವುದಕ್ಕೆ ನೆಪವಿಲ್ಲ.

ಮಂಗಳದಿಂದ ಗ್ರಂಥ ಮುಗಿಯುತ್ತದೆಯೇ ಎಂಬ ನೈಯಾಯಿಕರ ವಾದವನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಮಂಗಳ ಹೇಳಿಯೂ ಮುಗಿಯದ ಗ್ರಂಥಗಳಿವೆ, ಹೇಳದೆಯೂ ಮುಗಿದ ನಾಸ್ತಿಕರ ಗ್ರಂಥಗಳಿವೆ ಎಂಬ ಆಕ್ಷೇಪವನ್ನು ಅವರೇ ಎತ್ತಿಕೊಂಡು ಸಾಕಷ್ಟು ಬೆವರಿದ್ದಾರೆ. ಗಂಗೇಶೋಪಾಧ್ಯಾಯನ ‘ತತ್ತ್ವಚಿಂತಾಮಣಿ’ ಆರಂಭವಾಗುವುದೇ ಈ ಮಂಗಳವಾದದಿಂದ. ಫಲದ ಪ್ರಶ್ನೆ ಅವರಿಗಿರಲಿ. ಸಾಹಿತ್ಯ ಚರಿತ್ರೆಗೆ ಬೇಕಾದದ್ದು ಅಧಿಕಾರದ ಪ್ರಶ್ನೆ.

ಹೊಸ್ತಿಲು ಎಂದಮೇಲೆ ಒಳಗಿರುವವರೂ ಹೊರಗಿರುವವರೂ ಇರುತ್ತಾರೆ. ಸಾವಿತ್ರಿಯಿಂದ ಆರಂಭವಾಗುವ ಓದು ಉಪನಯನವಾದವನಿಗೆ ಮಾತ್ರ ದಕ್ಕುವ ಓದು. ಹೆಣ್ಣುಮಕ್ಕಳನ್ನೂ ಶೂದ್ರರನ್ನೂ ವೇದಾಧ್ಯಯನದಿಂದ ದೂರವಿಟ್ಟದ್ದು ಬೀಗವಲ್ಲ, ಬಾಯಿಂದ ಹೇಳುವ ಮೊದಲ ಮಾತು. ಆ ಮಾತನ್ನು ಕಳೆದುಕೊಂಡ ವಿಶ್ವವಿದ್ಯಾಲಯದ ತರಗತಿ ಎಲ್ಲರಿಗೂ ತೆರೆದುಕೊಂಡಿತೆಂಬುದು ನಿಜ. ಅದು ಗಳಿಕೆಯೇ ಹೊರತು ನಷ್ಟವಲ್ಲ. ಈ ಉಕ್ತಿಗಳ ಬಗೆಗೆ ಬರೆಯುವವರು ಅವುಗಳ ಸೌಂದರ್ಯಕ್ಕೆ ಮರುಳಾಗಿ ಈ ಸಂಗತಿಯನ್ನು ನುಂಗಿಕೊಂಡರೆ ಅದು ಇನ್ನೊಂದು ಬಗೆಯ ನಿಹ್ನವ. ಜೈನ ಸಿದ್ಧಾಂತಗ್ರಂಥಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಮೂಡುಬಿದಿರೆಯ ಧವಲಾ ಪ್ರತಿಗಳು ಬಹುಕಾಲ ದರ್ಶನದ ವಸ್ತುಗಳಾಗಿದ್ದವು, ಓದಿನ ವಸ್ತುಗಳಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾದಾಗ ಲಿಪಿಕಾರರಾಗಿದ್ದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿಕೊಂಡರು. ಆ ಕೆಲಸದಲ್ಲಿ ಅವರಿಗೆ ನೆರವಾದವರು ಪತ್ನಿ ಲಕ್ಷ್ಮೀಬಾಯಿ. ಆ ಗುಟ್ಟಿನ ಪ್ರತಿಯಿಂದ ಹಬ್ಬಿದ ನಕಲುಗಳ ಬಲದಿಂದಲೇ ಹೀರಾಲಾಲ್ ಜೈನರು 1939ರಿಂದ ಹದಿನಾರು ಸಂಪುಟಗಳಲ್ಲಿ ಆ ಮಹಾಗ್ರಂಥವನ್ನು ಪ್ರಕಟಿಸಲು ತೊಡಗಿದರು. ಗೃಹಸ್ಥರಿಗೇ ಸಲ್ಲದೆಂಬ ಅಭಿಪ್ರಾಯವಿದ್ದ ಗ್ರಂಥವನ್ನು ಒಬ್ಬ ಗೃಹಿಣಿ ನಕಲು ಮಾಡಲು ಕುಳಿತಾಗ ಯಾವ ನಮಸ್ಕಾರವನ್ನು ಹೇಳಿಕೊಂಡಳು? ಅಂತಹ ಪ್ರಶ್ನೆಯನ್ನು ಕೇಳಬಲ್ಲ ಸಾಹಿತ್ಯ ಚರಿತ್ರೆ ಕನ್ನಡದಲ್ಲಿ ಇನ್ನೂ ಬರೆಯಲ್ಪಡಬೇಕಾಗಿದೆ.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಕನ್ನಡ ವಿಭಾಗಗಳು ಧರ್ಮಾಚರಣೆಯ ದಾಖಲೆಗೆ ಇಳಿಯುವುದು ಸರಿಯೇ ಎಂಬುದು ಒಂದು. ಭೂತಾರಾಧನೆಯ ಪಾಡ್ದನವನ್ನು, ಯಕ್ಷಗಾನದ ಚೌಕಿಪೂಜೆಯನ್ನು, ಸಭಾಲಕ್ಷಣವನ್ನು ಹಿಂಜರಿಯದೆ ಅಧ್ಯಯನ ಮಾಡಿದ ವಿಭಾಗಗಳಿಗೆ ಈ ಸಂಕೋಚ ಒಪ್ಪುವುದಿಲ್ಲ. ಕುಣಿತಕ್ಕೆ ಮುಂಚಿನ ವಿಧಿ ಸಂಶೋಧನೆಗೆ ಯೋಗ್ಯವಾದರೆ ಓದಿಗೆ ಮುಂಚಿನದು ಏಕಾಗಬಾರದು? ಎರಡನೆಯದು, ಇವು ಯಾಂತ್ರಿಕ ಪುನರುಕ್ತಿಗಳು, ಇವುಗಳಿಂದ ತಿಳಿಯುವುದೇನು ಎಂಬುದು. ಯಾಂತ್ರಿಕವಾದುದರಿಂದಲೇ ಇವು ಸುಳ್ಳು ಹೇಳುವುದಿಲ್ಲ. ವೈಷ್ಣವ ಕಾವ್ಯವೊಂದರ ಗರಿಯಲ್ಲಿ ‘ವೀತರಾಗಾಯ ನಮಃ’ ಎಂದಿದ್ದರೆ ಅದನ್ನು ನಕಲು ಮಾಡಿದವನು ಯಾರು, ಯಾವ ಮನೆಯಲ್ಲಿ ಆ ಕಾವ್ಯ ಓದಲ್ಪಟ್ಟಿತು ಎಂಬುದಕ್ಕೆ ಅದೇ ಸಾಕ್ಷ್ಯ. ಆ ಐದಾರು ಅಕ್ಷರಗಳನ್ನು ಬಿಟ್ಟ ಸಂಪಾದಕ ಆ ಕಾವ್ಯ ಮತಗಳ ಗಡಿ ದಾಟಿದ ಚರಿತ್ರೆಯನ್ನೇ ಬಿಟ್ಟಂತೆ.

ಕೆಲಸ ಕಷ್ಟವಾದುದೇನಲ್ಲ. ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ, ಕಾರ್ಕಳ ಮೊದಲಾದೆಡೆಗಳ ಜೈನಭಂಡಾರಗಳನ್ನು ಶೋಧಿಸಿ ಸಿದ್ಧಪಡಿಸಿದ ‘ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಗ್ರಂಥಗಳು ಎಲ್ಲಿವೆ ಎಂದು ತಿಳಿಸುವುದೇ ಅಂದಿನ ದೊಡ್ಡ ಅಗತ್ಯವಾಗಿತ್ತು. ಅದನ್ನು ಅವರು ಪೂರೈಸಿದರು. ಆ ಸೂಚಿಯನ್ನು ಕೈಯಲ್ಲಿ ಹಿಡಿದು ಉಳಿದಿರುವ ಪ್ರತಿಗಳಿಗೆ ಮರಳಿ ಹೋಗಿ, ಪ್ರತಿಯೊಂದರ ಅನಿಬದ್ಧ ಮಂಗಳವನ್ನೂ ಸಮಾಪ್ತಿವಾಕ್ಯವನ್ನೂ ಇದ್ದದ್ದು ಇದ್ದಂತೆ ಬರೆದುಕೊಳ್ಳುವುದು ಒಬ್ಬ ಸಂಶೋಧನಾರ್ಥಿಯ ಎರಡು ಮೂರು ವರ್ಷಗಳ ಕೆಲಸ. ಇನ್ನು ಬಾಯಲ್ಲಿ ಉಳಿದಿರುವುದರ ದಾಖಲೆಗೆ ಮಣಿಪಾಲ ಮತ್ತು ಉಡುಪಿಗಳ ನಡುವಿನ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಆವರಣದಲ್ಲಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ. 1988ರಿಂದ 1997ರ ಅವಧಿಯಲ್ಲಿ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದ ನೆಲ ಅದು; ಊರೂರು ಅಲೆದು ನುಡಿಯನ್ನು ಕೇಳಿಸಿಕೊಳ್ಳುವ ವಿದ್ಯೆ ಅಲ್ಲಿಗೆ ಹೊಸದಲ್ಲ. ಮಠದ ಪಾಠ, ಬಸದಿಯ ಶಾಸ್ತ್ರಸಭೆ, ಮದರಸದ ಮೊದಲ ಪಾಠ, ಮನೆಯ ಜಗಲಿಯ ಪುರಾಣಪಠನ ಇವೆಲ್ಲದರ ಆರಂಭದ ಎರಡು ನಿಮಿಷಗಳ ಧ್ವನಿಮುದ್ರಣ ಸಾಕು. ವಿಷಯ ಆರಂಭವಾದ ಮೇಲೆ ಯಂತ್ರವನ್ನು ಚಾಲೂ ಮಾಡುವುದು ಕ್ಷೇತ್ರಕಾರ್ಯದ ಸಾಮಾನ್ಯ ರೂಢಿ. ಆ ರೂಢಿಯೇ ಇಲ್ಲಿ ಅಡ್ಡಿ.

ತಾಲ್ಮೂದಿನ ‘ನೆದಾರಿಮ್’ ಭಾಗದಲ್ಲಿ ಒಂದು ಪ್ರಸಂಗವಿದೆ. ನಾಡು ಏಕೆ ಹಾಳಾಯಿತು ಎಂಬ ಪ್ರವಾದಿ ಯೆರೆಮೀಯನ ಪ್ರಶ್ನೆಗೆ ಜ್ಞಾನಿಗಳೂ ಪ್ರವಾದಿಗಳೂ ಉತ್ತರಿಸಲಾರದೆ ಹೋದರಂತೆ. ಕೊನೆಗೆ ದೇವರೇ ಉತ್ತರಿಸಬೇಕಾಯಿತು. ಓದುವ ಮೊದಲು ಅವರು ತೋರಾವನ್ನು ಸ್ತುತಿಸಲಿಲ್ಲವೆಂಬುದು ಅದಕ್ಕೆ ರಾವ್ ಎಂಬ ಆಚಾರ್ಯನ ವಿವರಣೆ. ಇಷ್ಟು ದೊಡ್ಡ ಶಿಕ್ಷೆಗೆ ಇಷ್ಟು ಚಿಕ್ಕ ತಪ್ಪೇ? ಹದಿಮೂರನೆಯ ಶತಮಾನದ ಗೆರೋನಾದ ಯೋನಾ ಎಂಬ ವಿದ್ವಾಂಸ ಇದನ್ನು ಬಿಡಿಸಿದ ಬಗೆ ಹೀಗಿದೆ: ಆ ಜನ ಓದುವುದನ್ನು ಬಿಟ್ಟಿರಲಿಲ್ಲ, ಎಡೆಬಿಡದೆ ಓದುತ್ತಿದ್ದರು. ಆದ್ದರಿಂದಲೇ ಜ್ಞಾನಿಗಳಿಗೂ ಪ್ರವಾದಿಗಳಿಗೂ ಅವರ ತಪ್ಪು ಕಾಣಲಿಲ್ಲ. ಆದರೆ ಅದೊಂದು ಸ್ತುತಿಗೆ ಯೋಗ್ಯವಾದ ವಸ್ತುವೆಂದು ಅವರ ಮನಸ್ಸಿಗೆ ಅನಿಸಿರಲಿಲ್ಲ. ಹೊರಗಿನಿಂದ ನೋಡುವವರಿಗೆ ಕಾಣದ, ಲೆಕ್ಕಕ್ಕೆ ಸಿಗದ ಕೊರತೆ ಅದು. ಅಂಕಗಳ ಕೋಷ್ಟಕಕ್ಕಾಗಿ ಲೇಖನಗಳನ್ನು ಎಣಿಸುವ ಪದ್ಧತಿ ಉನ್ನತ ಶಿಕ್ಷಣದಲ್ಲಿ 2010ರಿಂದೀಚೆಗೆ ನೆಲೆಯೂರಿತು. ಕೋಷ್ಟಕದ ರೂಪ ಮುಂದೆ ಬದಲಾದರೂ ಎಣಿಕೆಯ ಗೀಳು ಬದಲಾಗಿಲ್ಲ. ಅಂದಿನಿಂದ ಕನ್ನಡದಲ್ಲಿ ಓದು ಕಡಿಮೆಯಾಯಿತೆಂದು ಯಾರೂ ಲೆಕ್ಕ ತೋರಿಸಿ ಸಾಧಿಸಲಾರರು. ಲೇಖನಗಳು ಹೆಚ್ಚಿವೆ, ವಿಚಾರಸಂಕಿರಣಗಳು ಹೆಚ್ಚಿವೆ.

ಪಲಿಮಾರು ಮಠದಲ್ಲಿ ಮಧ್ವಾಚಾರ್ಯರ ನೇರ ಶಿಷ್ಯ ಹೃಷೀಕೇಶತೀರ್ಥರು ತುಳು ಲಿಪಿಯಲ್ಲಿ ಬರೆದರೆನ್ನಲಾದ ‘ಸರ್ವಮೂಲ’ದ ತಾಳೆಗರಿಗಳಿವೆ. ಬನ್ನಂಜೆ ಗೋವಿಂದಾಚಾರ್ಯರು ತಮ್ಮ ಸರ್ವಮೂಲ ಆವೃತ್ತಿಗೆ ಅದನ್ನು ಆಧಾರವಾಗಿರಿಸಿಕೊಂಡು, ಪ್ರಚಲಿತ ಪಾಠದಿಂದ ಅದು ಎಲ್ಲೆಲ್ಲಿ ಬೇರೆಯಾಗುತ್ತದೆಂದು ಅಕ್ಷರ ಅಕ್ಷರವಾಗಿ ಗುರುತಿಸಿದರು. 2000ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ವಿಜ್ಞಾನಿಗಳು ಆ ಗರಿಗಳ ಚಿತ್ರಗಳನ್ನು ತೆಗೆದು, ಕಣ್ಣಿಗೆ ಕಾಣದಷ್ಟು ಮಸುಕಾದ ಅಕ್ಷರಗಳನ್ನು ಗಣಕಯಂತ್ರದ ನೆರವಿನಿಂದ ಮತ್ತೆ ಕಾಣುವಂತೆ ಮಾಡಿದರು. ಗರಿಯ ಅಂಚು ಮೊದಲು ಸವೆಯುತ್ತದೆ, ಮೊದಲ ಗರಿ ಎಲ್ಲಕ್ಕಿಂತ ಮೊದಲು ಮುರಿಯುತ್ತದೆ. ಅನಿಬದ್ಧ ಮಂಗಳವಿರುವುದು ಅಲ್ಲಿಯೇ. ಕಾರ್ಕಳ, ಮೂಡುಬಿದಿರೆ, ಕಾಪು ಸೀಮೆಯ ಖಾಸಗಿ ಮನೆಗಳ ಅಟ್ಟದ ಮೇಲಿರುವ ಕಟ್ಟುಗಳನ್ನು ಬಿಚ್ಚುವ ಕೈಗಳು ಮೊದಲ ಗರಿಯಿಂದಲೇ ಬರೆದುಕೊಳ್ಳಲು ಆರಂಭಿಸಬೇಕು.